ಸೇವಾಲಾಲ್‌ರ ಹೆಸರಿನೊಳಗಿನ ಕಾಣದ ಅಕ್ಷರ

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಬಂಜಾರ ಸಮುದಾಯದ ಆರಾಧ್ಯರಾದ ಸಂತ ಸೇವಾಲಾಲ್‌ರ ಜನ್ಮಸ್ಥಳವೆಂದು ಪೂಜೆಗೊಳ್ಳುವ ಊರು. ಭಾಯಾಗಡವೆಂಬ ಇನ್ನೊಂದು ಹೆಸರೂ ಇರುವ ಈ ಕ್ಷೇತ್ರಕ್ಕೆ ಪ್ರತಿವರ್ಷ ಫೆಬ್ರವರಿಯ ನಡುವಿನಲ್ಲಿ, ಸಂತರ ಜಯಂತಿಯ ಹೊತ್ತಿಗೆ, ಮಾಲಾಧಾರಿಗಳು ದೂರದೂರದ ತಾಂಡಾಗಳಿಂದ ನಡೆದು ಬರುತ್ತಾರೆ. ಆಡಳಿತದ ದಾಖಲೆಗಳಲ್ಲಿ ಈ ಊರಿನ ವಿಳಾಸ ಮಾತ್ರ ಒಂದೇ ತಲೆಮಾರಿನೊಳಗೆ ಎರಡು ಸಲ ಬದಲಾಗಿದೆ. ಶಿವಮೊಗ್ಗ ಜಿಲ್ಲೆಯ ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ಗ್ರಾಮವು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿಯ ಊರುಗಳ ಜೊತೆಯಲ್ಲೇ ಆ ಜಿಲ್ಲೆಗೆ ಬಂದಿತು, ಚಿತ್ರದುರ್ಗದ ಕಡೆಯಿಂದ ಜಗಳೂರೂ ಅದೇ ಜಿಲ್ಲೆಗೆ ಸೇರಿತು, ಮುಂದೆ ಹೊನ್ನಾಳಿಯಿಂದ ನ್ಯಾಮತಿ ಬೇರೆ ತಾಲ್ಲೂಕಾದಾಗ ಊರಿನ ತಾಲ್ಲೂಕೂ ಬದಲಾಯಿತು. ಇಂತಹ ಪ್ರತಿಯೊಂದು ಬದಲಾವಣೆಯ ಬೆನ್ನಿಗೆ ಊರಿನ ಹೆಸರು, ಜನರ ಹೆಸರು, ಸರ್ವೆ ನಂಬರುಗಳೆಲ್ಲ ಒಂದು ಕಡತದಿಂದ ಇನ್ನೊಂದಕ್ಕೆ, ಒಂದು ತಂತ್ರಾಂಶದಿಂದ ಮತ್ತೊಂದಕ್ಕೆ ಸಾಗಬೇಕಾಗುತ್ತದೆ. ಆ ಸಾಗಣೆಯ ದಾರಿಯಲ್ಲಿ ಕಣ್ಣಿಗೆ ಕಾಣದ ಕೆಲವು ಅಕ್ಷರಗಳಿಗೆ ಏನಾಗುತ್ತದೆ ಎಂಬುದು ಕನ್ನಡ ಬರೆಯುವವರೆಲ್ಲರಿಗೂ ಸಂಬಂಧಿಸಿದ ಸಂಗತಿ.

ಇಂತಹ ಸಾಗಣೆಗೆ ಇಂದು ಬಳಕೆಯಲ್ಲಿರುವ ವಾಹನಗಳಲ್ಲಿ ಮುಖ್ಯವಾದವು ಎಕ್ಸ್‌ಎಂಎಲ್ ಮತ್ತು ಜೇಸನ್ ಎಂಬ ಎರಡು ಪಠ್ಯರೂಪದ ದತ್ತಾಂಶ ಮಾದರಿಗಳು. ಪಠ್ಯರೂಪವೆಂದರೆ, ಯಂತ್ರಕ್ಕೆ ಮಾತ್ರ ಅರ್ಥವಾಗುವ ಅಂಕಿಗಳ ಮುದ್ದೆಯಾಗಿರದೆ, ಮನುಷ್ಯರೂ ತೆರೆದು ಓದಬಹುದಾದ ಬರಹವಾಗಿದ್ದು, ಯಾವ ತುಂಡು ಯಾವುದರ ಹೆಸರು ಎಂಬುದನ್ನು ಗುರುತುಗಳ ಮೂಲಕ ತಾನೇ ಹೇಳಿಕೊಳ್ಳುವ ಕಡತ. ಈ ಗುರುತುಗಳು ಇಂಗ್ಲಿಷಿನಲ್ಲೇ ಇರಬೇಕೆಂಬ ನಿಯಮವೇನೂ ಇಲ್ಲವಾದ್ದರಿಂದ ಎಕ್ಸ್‌ಎಂಎಲ್‌ನಲ್ಲಿ ಊರಿನ ದಾಖಲೆಯನ್ನು ಹೀಗೆ ಬರೆದರೂ ಅದು ಪೂರ್ಣ ಸಿಂಧುವಾಗುತ್ತದೆ:

<ಗ್ರಾಮ ತಾಲ್ಲೂಕು="ನ್ಯಾಮತಿ">ಸೂರಗೊಂಡನಕೊಪ್ಪ</ಗ್ರಾಮ>

ಜೇಸನ್‌ನಲ್ಲಿ ಇದೇ ವಿಷಯವು ಬಾಗು ಆವರಣಗಳ ನಡುವೆ ಜೋಡಿಗಳಾಗಿ ಕುಳಿತುಕೊಳ್ಳುತ್ತದೆ:

{"ಗ್ರಾಮ": "ಸೂರಗೊಂಡನಕೊಪ್ಪ", "ತಾಲ್ಲೂಕು": "ನ್ಯಾಮತಿ"}

ಇಷ್ಟು ಸರಳವಾಗಿ ಕಾಣುವ ಬರಹವನ್ನು ಕೆಡಿಸಬಲ್ಲವು ನಿಯಂತ್ರಣಾಕ್ಷರಗಳು. ಇವು ಅಕ್ಷರಗಳ ಪಟ್ಟಿಯಲ್ಲಿ ಸಂಖ್ಯೆ ಪಡೆದಿದ್ದರೂ ಕಾಗದದ ಮೇಲಾಗಲಿ ಪರದೆಯ ಮೇಲಾಗಲಿ ಯಾವ ರೂಪವನ್ನೂ ಮೂಡಿಸದೆ, ಯಂತ್ರಕ್ಕೆ ಒಂದು ಕೆಲಸವನ್ನು ಮಾತ್ರ ಸೂಚಿಸುವ ಸಂಕೇತಗಳು. ಅವುಗಳ ಹುಟ್ಟು ತಂತಿಯ ಕಾಲದ್ದು: ಬರಹವನ್ನು ತಂತಿಯ ಮೂಲಕ ಕಳುಹಿಸಿ ಆ ಕಡೆಯ ಯಂತ್ರದಲ್ಲಿ ಟೈಪಾಗುವಂತೆ ಮಾಡಿದಾಗ, ಸಾಲು ಮುಗಿಯಿತು, ಅಚ್ಚಿನ ತಲೆಯನ್ನು ಎಡಕ್ಕೆ ತಾ, ಕಾಗದವನ್ನು ಮೇಲೆ ಸರಿಸು, ಗಂಟೆ ಬಾರಿಸು ಎಂಬ ಆಜ್ಞೆಗಳನ್ನೂ ಅದೇ ತಂತಿಯಲ್ಲಿ ಅಕ್ಷರಗಳ ಜೊತೆಯಲ್ಲೇ ಕಳುಹಿಸಬೇಕಾಗಿತ್ತು. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಸಂಕೇತ ಪಟ್ಟಿಯು ಇವುಗಳಿಗೆ ಪ್ರತ್ಯೇಕ ಜಾಗ ಕೊಟ್ಟಿತು. ಇಂದು ಬಳಕೆಯಲ್ಲಿರುವ ಆ ಪಟ್ಟಿಯ 128 ಸ್ಥಾನಗಳಲ್ಲಿ 0ಯಿಂದ 31ರವರೆಗಿನ 32 ಮತ್ತು ಕೊನೆಯ 127, ಒಟ್ಟು 33, ನಿಯಂತ್ರಣಕ್ಕೇ ಮೀಸಲು. 7 ಗಂಟೆಯ ಸಂಕೇತ, 9 ಟ್ಯಾಬ್, 10 ಹೊಸ ಸಾಲು, 12 ಹೊಸ ಪುಟ, 13 ಅಚ್ಚಿನ ತಲೆಯನ್ನು ಸಾಲಿನ ಆರಂಭಕ್ಕೆ ತರುವ ಸಂಕೇತ. 127ನೆಯದು ಅಳಿಸುವ ಸಂಕೇತವಾದದ್ದಕ್ಕೆ ಕಾಗದದ ಪಟ್ಟಿಯೇ ಕಾರಣ: ತಪ್ಪಾಗಿ ತೂತು ಬಿದ್ದ ಕಡೆ ಏಳೂ ತೂತುಗಳನ್ನು ಹೊಡೆದುಬಿಟ್ಟರೆ ಆ ಅಕ್ಷರ ರದ್ದಾಯಿತೆಂದು ಅರ್ಥ, ಮತ್ತು ಏಳೂ ತೂತುಗಳ ಮೊತ್ತವೇ 127. ಭಾರತದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತಾದರೂ ಆ ಸಂಕೇತಗಳು ಇಂದಿನ ಫೋನುಗಳ ಒಳಗೂ ಅದೇ ಸಂಖ್ಯೆಗಳಲ್ಲಿ ಉಳಿದಿವೆ.

ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 1998ರ ಫೆಬ್ರವರಿಯಲ್ಲಿ ಎಕ್ಸ್‌ಎಂಎಲ್‌ನ ಮೊದಲ ಆವೃತ್ತಿಯನ್ನು ಅಂಗೀಕರಿಸಿದಾಗ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟಿನ ನಿಲುವು ತಳೆಯಿತು. ಮೊದಲ 32 ಸಂಕೇತಗಳಲ್ಲಿ ಟ್ಯಾಬ್, ಹೊಸ ಸಾಲು ಮತ್ತು ಸಾಲಿನ ಆರಂಭಕ್ಕೆ ಮರಳುವುದು, ಈ ಮೂರಕ್ಕೆ ಮಾತ್ರ ಕಡತದೊಳಗೆ ಪ್ರವೇಶ. ಉಳಿದ 29ರಲ್ಲಿ ಒಂದೇ ಒಂದು ಕಂಡುಬಂದರೂ ಕಡತವನ್ನು ಬಿಡಿಸಿ ಓದುವ ಪಾರ್ಸರ್ ಎಂಬ ತಂತ್ರಾಂಶವು ಅದನ್ನು ಪ್ರಾಣಾಂತಿಕ ದೋಷವೆಂದು ಪರಿಗಣಿಸಿ ಸಾಮಾನ್ಯ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಸಾವಿರಾರು ಗ್ರಾಮಗಳ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ 11ನೆಯ ಸಂಕೇತ ನುಸುಳಿದ್ದರೆ ಇಡೀ ಪಟ್ಟಿಯೇ ತಿರಸ್ಕೃತವಾಗುತ್ತದೆ. ವಿಶೇಷ ಅಕ್ಷರಗಳನ್ನು ಅವುಗಳ ಸಂಖ್ಯೆಯ ಮೂಲಕ ಬರೆಯುವ ಸೌಲಭ್ಯ ಎಕ್ಸ್‌ಎಂಎಲ್‌ನಲ್ಲಿದ್ದರೂ ಈ ನಿಷಿದ್ಧ ಸಂಕೇತಗಳಿಗೆ ಅದೂ ಅನ್ವಯಿಸದು; &#11; ಎಂದು ಬರೆದರೆ ಅದೂ ಅಷ್ಟೇ ದೊಡ್ಡ ತಪ್ಪು. 2004ರ ಫೆಬ್ರವರಿಯಲ್ಲಿ ಬಂದ 1.1 ಆವೃತ್ತಿಯು ಸೊನ್ನೆಯೊಂದನ್ನು ಬಿಟ್ಟು ಉಳಿದವುಗಳನ್ನು ಸಂಖ್ಯಾರೂಪದಲ್ಲಿ ಬರೆಯಲು ಅವಕಾಶ ಕೊಟ್ಟಿತಾದರೂ ಆ ಆವೃತ್ತಿ ಬಳಕೆಗೆ ಬಂದದ್ದೇ ಅಪರೂಪ.

ಜೇಸನ್‌ನ ನಡೆ ಬೇರೆ. 2017ರ ಡಿಸೆಂಬರಿನಲ್ಲಿ ಪ್ರಕಟವಾದ ಅದರ ಅಂತರ್ಜಾಲ ಮಾನಕವು 0ಯಿಂದ 31ರವರೆಗಿನ ಯಾವ ಸಂಕೇತವೂ ಉದ್ಧರಣ ಚಿಹ್ನೆಗಳ ನಡುವೆ ಹಸಿಯಾಗಿ ಬರಬಾರದು ಎನ್ನುತ್ತದೆಯಾದರೂ, ಹಿಂದಕ್ಕೆ ಬಾಗಿದ ಗೀಟೊಂದರ ಮುಂದೆ ಸಂಕೇತದ ಸಂಖ್ಯೆಯನ್ನು ಬರೆದು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಹೀಗಾಗಿ ಜೇಸನ್‌ನಲ್ಲಿ ನಿಯಮಬದ್ಧವಾಗಿ ಕುಳಿತ ದಾಖಲೆಯೊಂದನ್ನು ಎಕ್ಸ್‌ಎಂಎಲ್‌ಗೆ ತಿರುಗಿಸುವಾಗ ಅದರೊಳಗಿನ ಇಂತಹ ಸಂಕೇತಕ್ಕೆ ಅಲ್ಲಿ ಜಾಗವೇ ಇಲ್ಲದ ಪ್ರಸಂಗ ಒದಗುತ್ತದೆ. 2017ರಲ್ಲೇ ಅಂಗೀಕೃತವಾದ ಎಕ್ಸ್‌ಪಾತ್ 3.1 ಎಂಬ ಮಾನಕದಲ್ಲಿ ಇಂತಹ ಪರಿವರ್ತನೆಗೊಂದು ಕ್ರಮವಿದ್ದು, ಬೇರೆ ಸೂಚನೆ ಇಲ್ಲದಿದ್ದರೆ ಆ ಸಂಕೇತದ ಜಾಗದಲ್ಲಿ 65533 ಸಂಖ್ಯೆಯ, ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕವಿರುವ ಬದಲಿ ಚಿಹ್ನೆಯನ್ನು ಇಡುತ್ತದೆ. ಸದ್ದಿಲ್ಲದೆ ಅಳಿಸಿಹಾಕುವುದಕ್ಕಿಂತ ಇದು ಎಷ್ಟೋ ಪ್ರಾಮಾಣಿಕವಾದ ಕ್ರಮ, ಏಕೆಂದರೆ ಇಲ್ಲೇನೋ ಇತ್ತು ಎಂಬ ಕುರುಹನ್ನಾದರೂ ಅದು ಉಳಿಸುತ್ತದೆ.

ತಂತಿ ಯಂತ್ರವನ್ನೇ ಕಾಣದ ಇಂದಿನ ಕನ್ನಡ ಕಡತಗಳೊಳಗೆ ಈ ಸಂಕೇತಗಳು ಬರುವುದಾದರೂ ಹೇಗೆ ಎಂಬ ಪ್ರಶ್ನೆಗೆ ಉತ್ತರ ದಿನನಿತ್ಯದ ಕಚೇರಿ ಕೆಲಸದಲ್ಲೇ ಇದೆ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಶಿಫ್ಟ್ ಒತ್ತಿಕೊಂಡು ಎಂಟರ್ ಒತ್ತಿದರೆ ಪ್ಯಾರಾ ಮುರಿಯದೆ ಸಾಲು ಮಾತ್ರ ಮುರಿಯುತ್ತದೆ. ವಿಳಾಸ ಬರೆಯುವವರು ಇದನ್ನು ಧಾರಾಳವಾಗಿ ಬಳಸುತ್ತಾರೆ, ಮತ್ತು ಆ ಮುರಿತ ದಾಖಲಾಗುವುದು 11ನೆಯ ಸಂಕೇತವಾಗಿ. ವರ್ಡ್ ಕೋಷ್ಟಕದ ಪ್ರತಿ ಮನೆಯ ಕೊನೆಯಲ್ಲಿ 7ನೆಯ ಸಂಕೇತ, ಅಂದರೆ ಹಳೆಯ ಗಂಟೆ, ಇರುತ್ತದೆ. ಪಿಡಿಎಫ್‌ನಿಂದ ಪಠ್ಯ ತೆಗೆಯುವ ಸಾಧನಗಳೂ, ಸ್ಕ್ಯಾನ್ ಮಾಡಿದ ಪುಟವನ್ನು ಅಕ್ಷರಕ್ಕಿಳಿಸುವ ಟೆಸರಾಕ್ಟ್‌ನಂತಹ ತಂತ್ರಾಂಶಗಳೂ ಪುಟ ಮುಗಿದಲ್ಲಿ 12ನೆಯ ಸಂಕೇತವನ್ನು ಇಡುತ್ತವೆ. ಇವೆಲ್ಲ ತಮ್ಮ ತಮ್ಮ ಮನೆಯಲ್ಲಿ ಉಪಯುಕ್ತವಾದವೇ ಆಗಿದ್ದು, ಅಲ್ಲಿಂದ ನಕಲಾಗಿ ದತ್ತಾಂಶದ ಕಡತಕ್ಕೆ ಬಂದಾಗ ಮಾತ್ರ ತೊಂದರೆ ಕೊಡುತ್ತವೆ. ತೊಂದರೆ ಎದುರಾದ ಕೂಡಲೇ ತಂತ್ರಾಂಶ ಬರೆಯುವವರು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ, ಕಾಣದ ಅಕ್ಷರಗಳನ್ನೆಲ್ಲ ಗುಡಿಸಿಹಾಕುವ ಒಂದು ಸಾಲಿನ ಸೂಚನೆಯನ್ನು ಸೇರಿಸುವುದು. ಕನ್ನಡದ ಕಷ್ಟ ಶುರುವಾಗುವುದು ಇಲ್ಲಿ.

ಕಾಣದ ಅಕ್ಷರಗಳೆಲ್ಲವೂ ನಿಯಂತ್ರಣಾಕ್ಷರಗಳಲ್ಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ತನ್ನ ಪಟ್ಟಿಯಲ್ಲಿ ನಿಯಂತ್ರಣಾಕ್ಷರಗಳೆಂದು ಗುರುತಿಸಿರುವುದು 65 ಸಂಕೇತಗಳನ್ನು ಮಾತ್ರ: ಆಸ್ಕಿಯ 33 ಮತ್ತು 128ರಿಂದ 159ರವರೆಗಿನ 32. ಇವುಗಳಿಂದ ಬೇರೆಯಾಗಿ ವಿನ್ಯಾಸಾಕ್ಷರಗಳೆಂಬ ಇನ್ನೊಂದು ವರ್ಗವಿದ್ದು, ತಾವು ಕಾಣದೆಯೂ ಅಕ್ಕಪಕ್ಕದ ಅಕ್ಷರಗಳು ಹೇಗೆ ಕಾಣಬೇಕೆಂಬುದನ್ನು ತೀರ್ಮಾನಿಸುವ ಅಕ್ಷರಗಳು ಅದರಲ್ಲಿ ಸೇರಿವೆ. ಕನ್ನಡಕ್ಕೆ ಬೇಕಾದವು ಎರಡು: 8204 ಸಂಖ್ಯೆಯ ಜೀರೋ ವಿಡ್ತ್ ನಾನ್ ಜಾಯ್ನರ್, ಅಂದರೆ ಅಗಲವಿಲ್ಲದೆ ನಡುವೆ ನಿಂತು ಎರಡು ಅಕ್ಷರಗಳು ಕೂಡದಂತೆ ತಡೆಯುವ ಚಿಹ್ನೆ, 8205 ಸಂಖ್ಯೆಯ ಜೀರೋ ವಿಡ್ತ್ ಜಾಯ್ನರ್, ಅಂದರೆ ಕೂಡುವ ಬಗೆಯನ್ನು ಬದಲಿಸುವ ಚಿಹ್ನೆ. ಇವು ಪರದೇಶದಿಂದ ಹೇರಿದವಲ್ಲ. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಅಂಗೀಕರಿಸಿದ ಇಸ್ಕಿ ಎಂಬ ಭಾರತೀಯ ಲಿಪಿಗಳ ಸಂಕೇತ ಪದ್ಧತಿಯಲ್ಲಿ ಹಲಂತವನ್ನು, ಅಂದರೆ ವ್ಯಂಜನದ ಸ್ವರವನ್ನು ತೆಗೆಯುವ ಗುರುತನ್ನು, ಎರಡು ಸಲ ಬರೆದರೆ ಒತ್ತಕ್ಷರ ಆಗಬಾರದೆಂದೂ, ಹಲಂತದ ಮುಂದೆ ನುಕ್ತಾ ಬರೆದರೆ ಅರ್ಧಾಕ್ಷರ ಉಳಿಯಬೇಕೆಂದೂ ಅರ್ಥವಿತ್ತು. ಅದೇ ಅಗತ್ಯವನ್ನು ಯೂನಿಕೋಡ್‌ನಲ್ಲಿ ಈ ಎರಡು ಚಿಹ್ನೆಗಳು ಪೂರೈಸುತ್ತಿವೆ.

ಸೇವಾಲಾಲ್‌ರ ಎಂಬ ಒಂದು ಪದವನ್ನೇ ಹತ್ತಿರದಿಂದ ನೋಡಬಹುದು. ಕಂಪ್ಯೂಟರಿನ ನೆನಪಿನಲ್ಲಿ ಇದು ಹತ್ತು ಸಂಕೇತಗಳ ಸಾಲು: ಸಕಾರ, ಏತ್ವದ ಗುರುತು, ವಕಾರ, ದೀರ್ಘದ ಗುರುತು, ಲಕಾರ, ಮತ್ತೆ ದೀರ್ಘ, ಮತ್ತೆ ಲಕಾರ, ಹಲಂತ, ನಾನ್ ಜಾಯ್ನರ್, ಕೊನೆಗೆ ರಕಾರ. ಒಂಬತ್ತನೆಯದನ್ನು ತೆಗೆದರೆ ಹಲಂತದ ಲಕಾರಕ್ಕೆ ರಕಾರ ನೇರವಾಗಿ ತಗುಲಿ, ಕನ್ನಡ ಲಿಪಿಯ ಸಹಜ ನಿಯಮದಂತೆ ಅದು ಒತ್ತಾಗಿ ಇಳಿದು, ಪದವು ಸೇವಾಲಾಲ್ರ ಎಂದಾಗುತ್ತದೆ. ಬಂಜಾರರ, ಅಂದರೆ ಲಂಬಾಣಿಗರ, ನುಡಿಯ ಹೆಸರಿಗೆ ಆಗುವ ಗಾಯ ಇನ್ನೂ ದೊಡ್ಡದು: ಗೋರ್‌ಬೋಲಿ ಎಂಬುದು ಆ ಒಂದು ಚಿಹ್ನೆ ಕಳೆದುಕೊಂಡ ಕ್ಷಣದಲ್ಲಿ ಅರ್ಕಾವೊತ್ತು ಹೊತ್ತು ಗೋರ್ಬೋಲಿ ಆಗುತ್ತದೆ, ಗೋರ್ ಎಂಬ ಸಮುದಾಯದ ಸ್ವಂತ ಹೆಸರು ಅದರೊಳಗೆ ಹೂತುಹೋಗುತ್ತದೆ. ಜಾಯ್ನರ್‌ನ ಕೆಲಸ ಕಾಣುವುದು ರ‍್ಯಾಲಿ, ರ‍್ಯಾಂಕ್ ಎಂಬಂತಹ ಪದಗಳಲ್ಲಿ. ರಕಾರದ ಮತ್ತು ಹಲಂತದ ನಡುವೆ ಅದು ನಿಂತಿರುವುದರಿಂದಲೇ ರಕಾರ ಪೂರ್ಣವಾಗಿ ಉಳಿದು ಯಕಾರ ಒತ್ತಾಗುತ್ತದೆ, ಅದನ್ನು ತೆಗೆದರೆ ಉಳಿಯುವುದು ರ್ಯಾಲಿ.

ಕಾರ್ಯದ ರ್ಯ, ಅಕ್ಕನ ಕ್ಕ ಇವಾವುದಕ್ಕೂ ಈ ಚಿಹ್ನೆಗಳು ಬೇಡ. ಹೊಸಗನ್ನಡದ ದೇಸಿ ಪದಗಳು ಬಹುಮಟ್ಟಿಗೆ ಸ್ವರದಲ್ಲೇ ಕೊನೆಗೊಳ್ಳುವುದರಿಂದ ವ್ಯಂಜನಕ್ಕೆ ವಿಭಕ್ತಿ ಪ್ರತ್ಯಯ ನೇರವಾಗಿ ತಗಲುವ ಸಂದರ್ಭವೇ ಅವುಗಳಲ್ಲಿ ಕಡಿಮೆ. ಸೂರಗೊಂಡನಕೊಪ್ಪ, ಹೊನ್ನಾಳಿ, ಚನ್ನಗಿರಿ, ಜಗಳೂರು ಈ ಯಾವ ಹೆಸರಿಗೂ ಕಾಣದ ಅಕ್ಷರದ ನೆರವು ಬೇಕಾಗಿಲ್ಲ. ಆದ್ದರಿಂದ ಕಣ್ಣುಮುಚ್ಚಿ ಗುಡಿಸುವ ತಂತ್ರಾಂಶವನ್ನು ಇಂತಹ ಹೆಸರುಗಳ ಮೇಲೆ ಪರೀಕ್ಷಿಸಿದವರಿಗೆ ಯಾವ ದೋಷವೂ ಕಾಣುವುದಿಲ್ಲ, ಮತ್ತು ಪೆಟ್ಟೆಲ್ಲ ಬೀಳುವುದು ವ್ಯಂಜನದಲ್ಲಿ ಕೊನೆಗೊಳ್ಳುವ ಹೆಸರುಗಳ ಮೇಲೆ, ಅಂದರೆ ಲಂಬಾಣಿ, ಉರ್ದು, ಮರಾಠಿ, ಇಂಗ್ಲಿಷ್ ಮೂಲದಿಂದ ಕನ್ನಡ ಲಿಪಿಗೆ ಬಂದವುಗಳ ಮೇಲೆ. ಲಂಬಾಣಿ ನುಡಿಗೆ ವ್ಯಾಪಕ ಬಳಕೆಯ ಸ್ವಂತ ಲಿಪಿಯಿಲ್ಲ. ಕರ್ನಾಟಕದಲ್ಲಿ ಅದು ಕನ್ನಡ ಅಕ್ಷರಗಳನ್ನೇ ನಂಬಿಕೊಂಡಿದೆ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಸುಮಾರು 1475 ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿ 19ರಂದು ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡಲಾಯಿತು. ಅವರಲ್ಲಿ ತಾಂಡಾಗಳ ನಿವಾಸಿಗಳೂ ಬಹಳ. ತಲೆಮಾರುಗಳ ಕಾಲ ಯಾವ ದಾಖಲೆಯಲ್ಲೂ ಇಲ್ಲದಿದ್ದ ವಸತಿಗಳ ಮತ್ತು ಜನರ ಹೆಸರುಗಳು ಹೀಗೆ ಮೊದಲ ಬಾರಿಗೆ ಸರ್ಕಾರಿ ದಾಖಲೆಗೆ ಬರುವಾಗ, ಅವರು ಬರೆಯುವಂತೆಯೇ ದಾಖಲಾಗಬೇಕಾದುದು ಸಣ್ಣ ವಿಷಯವಲ್ಲ.

ಈ ತಪ್ಪು ನಡೆಯುವ ಜಾಗವನ್ನು ಖಚಿತವಾಗಿ ತೋರಿಸಬಹುದು. ಯೂನಿಕೋಡ್‌ನಲ್ಲಿ ನಿಯಂತ್ರಣಾಕ್ಷರ, ವಿನ್ಯಾಸಾಕ್ಷರ, ಖಾಸಗಿ ಬಳಕೆಯ ಅಕ್ಷರ, ಇನ್ನೂ ಹಂಚಿಕೆಯಾಗದ ಸ್ಥಾನ ಇವೆಲ್ಲವನ್ನೂ ಒಳಗೊಂಡ ‘ಇತರೆ’ ಎಂಬ ಮಹಾವರ್ಗವೊಂದಿದ್ದು, ತಂತ್ರಾಂಶ ಭಾಷೆಗಳು ಒಂದೇ ಅಕ್ಷರದ ಸೂಚನೆಯಿಂದ ಆ ಇಡೀ ವರ್ಗವನ್ನು ಹಿಡಿಯಲು ಅನುಕೂಲ ಕೊಟ್ಟಿವೆ. ಎರಡಕ್ಷರ ಬರೆದು ನಿಯಂತ್ರಣಾಕ್ಷರಗಳನ್ನಷ್ಟೇ ಹಿಡಿಯಬೇಕಾದ ಕಡೆ ಒಂದಕ್ಷರ ಬರೆದು ಕೈಬಿಟ್ಟಾಗ ನಾನ್ ಜಾಯ್ನರ್ ಕೂಡ ಗಂಟೆಯ ಸಂಕೇತದ ಜೊತೆಗೇ ಕಸದ ಬುಟ್ಟಿ ಸೇರುತ್ತದೆ. ಎಕ್ಸ್‌ಎಂಎಲ್ ಆಗಲಿ ಜೇಸನ್ ಆಗಲಿ ಇದನ್ನು ಕೇಳಿಯೇ ಇಲ್ಲ; ಎರಡೂ ಮಾದರಿಗಳಿಗೆ 8204 ಮತ್ತು 8205 ಪೂರ್ಣ ಸಿಂಧುವಾದ ಅಕ್ಷರಗಳು. ಅಷ್ಟೇ ಅಲ್ಲ, 2008ರ ನವೆಂಬರಿನಲ್ಲಿ ಬಂದ ಎಕ್ಸ್‌ಎಂಎಲ್ 1.0ರ ಐದನೆಯ ಪರಿಷ್ಕರಣೆಯು ಗುರುತುಗಳ ಹೆಸರಿನೊಳಗೂ ಇವುಗಳನ್ನು ಬಳಸಲು ಅನುಮತಿ ನೀಡಿದೆ.

ಇದಕ್ಕಿಂತ ಒರಟಾದ ಇನ್ನೊಂದು ತಪ್ಪು ಬೈಟುಗಳ ಮಟ್ಟದಲ್ಲಿ ನಡೆಯುತ್ತದೆ. ಯುಟಿಎಫ್-8 ಎಂಬ ಬರಹ ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತವೂ ಮೂರು ಬೈಟುಗಳಾಗಿ ಸಂಗ್ರಹವಾಗುತ್ತದೆ. ಸೂರಗೊಂಡನಕೊಪ್ಪದ 13 ಸಂಕೇತಗಳು 39 ಬೈಟುಗಳಾಗುತ್ತವೆ. ಮೊದಲ ಬೈಟು ಯಾವಾಗಲೂ 224, ಎರಡನೆಯದು 178 ಅಥವಾ 179, ಮೂರನೆಯದು 128ರಿಂದ 191ರೊಳಗಿನ ಒಂದು ಸಂಖ್ಯೆ. 128ರಿಂದ 159ರವರೆಗಿನವು ನಿಯಂತ್ರಣಾಕ್ಷರಗಳೆಂದು ಓದಿ ತಿಳಿದ ಒಬ್ಬರು, ಬೈಟುಗಳನ್ನು ಅಕ್ಷರಗಳಾಗಿ ಬಿಡಿಸುವ ಮೊದಲೇ ಆ ಸಂಖ್ಯೆಯ ಬೈಟುಗಳನ್ನು ತೆಗೆದುಹಾಕಿದರೆಂದುಕೊಳ್ಳೋಣ. ಸಕಾರದ ಮೂರನೆಯ ಬೈಟು 184, ರಕಾರದ್ದು 176, ಡಕಾರದ್ದು 161, ನಕಾರದ್ದು 168, ಪಕಾರದ್ದು 170, ಇವು ಉಳಿದುಕೊಳ್ಳುತ್ತವೆ. ಗಕಾರದ್ದು 151, ಕಕಾರದ್ದು 149, ಸೊನ್ನೆಯದು 130, ಒತ್ವದ ಗುರುತಿನದು 138, ಹಲಂತದ್ದು 141, ಊತ್ವದ ಗುರುತಿನದು 130. ಇವೆಲ್ಲ ಬಾಲ ಕತ್ತರಿಸಿಕೊಂಡು ನಿರರ್ಥಕವಾಗುತ್ತವೆ. ಹದಿಮೂರರಲ್ಲಿ ಏಳು ಸಂಕೇತಗಳು ನಾಶವಾಗಿ, ಬದಲಿ ಚಿಹ್ನೆಗಳ ನಡುವೆ ಸ, ರ, ಡ, ನ, ಪ, ಪ ಎಂಬ ಆರು ಅಕ್ಷರಗಳಷ್ಟೇ ಉಳಿದ ಆ ಸಾಲಿನಿಂದ ಯಾವ ಊರೆಂದು ಊಹಿಸುವುದು ಆ ಊರಿನವರಿಗೂ ಸಾಧ್ಯವಾಗದು. ಬಿಡಿಸುವುದು ಮೊದಲು, ಶುದ್ಧಿ ಆಮೇಲೆ ಎಂಬ ಕ್ರಮ ತಪ್ಪಿದ್ದರ ಬೆಲೆ ಇದು.

ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಅಪಾರ ಕನ್ನಡ ಸಾಮಗ್ರಿಗೂ ಇದೇ ಜಾತಿಯ ಅಪಾಯವಿದೆ. ಆ ಪದ್ಧತಿಯಲ್ಲಿ ಕನ್ನಡ ಅಕ್ಷರಗಳಿಗೆ ಸ್ವಂತ ಸಂಖ್ಯೆಯಿರದೆ, ಅಕ್ಷರದ ತುಂಡುಗಳು ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕುಳಿತಿದ್ದವು. ಅಕ್ಷರಶೈಲಿ ತಪ್ಪಿದಾಗ ‘ಕನ್ನಡ’ ಎಂಬ ಪದವೇ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಮತ್ತೊಮ್ಮೆ ಗೀಟಿನ ಎ ಎಂಬ ಏಳು ಚಿಹ್ನೆಗಳ ಸಾಲಾಗಿ ಕಾಣುವುದನ್ನು ಕನ್ನಡ ಡಿಟಿಪಿ ಬಲ್ಲವರೆಲ್ಲ ನೋಡಿದ್ದಾರೆ. ಇಂತಹ ಕಡತವನ್ನು ಯೂನಿಕೋಡ್‌ಗೆ ತಿರುಗಿಸುವ ಮೊದಲೇ ‘ಅನಗತ್ಯ’ ಸಂಕೇತಗಳನ್ನು ತೆಗೆಯಹೊರಟರೆ ಯಾವ ತುಂಡು ಅಕ್ಷರದ್ದು, ಯಾವುದು ಕಸ ಎಂಬುದನ್ನು ಹೇಳುವ ಆಧಾರವೇ ಇರುವುದಿಲ್ಲ.

ಕಾಣದ ಅಕ್ಷರಗಳ ಬಗ್ಗೆ ತಂತ್ರಜ್ಞರಿಗಿರುವ ಭಯ ನಿರಾಧಾರವೇನಲ್ಲ ಎಂಬುದನ್ನೂ ಹೇಳಬೇಕು. 2018ರ ಫೆಬ್ರವರಿಯಲ್ಲಿ ನೆರೆಯ ತೆಲುಗಿನ ‘ಜ್ಞಾ’ ಅಕ್ಷರದ ನಡುವೆ ನಾನ್ ಜಾಯ್ನರ್ ಸೇರಿದ್ದ ಒಂದು ಸಂದೇಶ ಐಫೋನುಗಳ ಸಂದೇಶ ತಂತ್ರಾಂಶವನ್ನು ಕುಸಿಯುವಂತೆ ಮಾಡಿತು, ಕೆಲವೇ ದಿನಗಳಲ್ಲಿ ಅದಕ್ಕೆ ತಿದ್ದುಪಡಿಯೂ ಬಂದಿತು. 2021ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕೋಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್, ಬರಹದ ದಿಕ್ಕನ್ನು ಬದಲಿಸುವ ಕಾಣದ ಅಕ್ಷರಗಳಿಂದ ತಂತ್ರಾಂಶದ ಮೂಲಪಠ್ಯವನ್ನೇ ಓದುಗರಿಗೆ ಬೇರೆಯಾಗಿ ತೋರಿಸಬಹುದೆಂದು ಸಾಬೀತುಪಡಿಸಿದರು. ಆದರೆ ಭಯಕ್ಕೆ ತಕ್ಕ ಉತ್ತರ ಯಾವುದೆಂಬುದು ಜಾಲತಾಣಗಳ ಹೆಸರಿನ ವಿಷಯದಲ್ಲಿ ಅದಾಗಲೇ ಇತ್ಯರ್ಥವಾಗಿತ್ತು: 2010ರ ಮಾನಕವು ನಾನ್ ಜಾಯ್ನರನ್ನು ಸಾರಾಸಗಟಾಗಿ ನಿಷೇಧಿಸದೆ, ಭಾರತೀಯ ಲಿಪಿಗಳಲ್ಲಿ ಅದು ಹಲಂತದ ಬೆನ್ನಿಗೆ ಬಂದಿದ್ದರೆ ಮಾತ್ರ ಒಪ್ಪಬಹುದೆಂದು ಸಂದರ್ಭದ ನಿಯಮ ಹಾಕಿತು.

ದತ್ತಾಂಶದ ಕಡತಗಳಿಗೂ ಅದೇ ಮಾರ್ಗ ಒಪ್ಪುತ್ತದೆ. 29 ನಿಷಿದ್ಧ ಸಂಕೇತಗಳನ್ನು ಮಾಹಿತಿ ತುಂಬುವ ಹಂತದಲ್ಲೇ ಹಿಡಿದು, ಎಷ್ಟನೆಯ ಸಾಲಿನ ಯಾವ ಮನೆಯಲ್ಲಿ ಎಂಬುದನ್ನು ತುಂಬುವವರಿಗೇ ತಿಳಿಸಬೇಕು. 11 ಮತ್ತು 12ನ್ನು ಅಳಿಸುವುದರ ಬದಲು ಹೊಸ ಸಾಲಾಗಿ ತಿರುಗಿಸಬೇಕು, ಇಲ್ಲವಾದರೆ ವಿಳಾಸದ ಎರಡು ಸಾಲುಗಳ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಲಂತಕ್ಕೂ ವ್ಯಂಜನಕ್ಕೂ ನಡುವೆ ಇರುವ ನಾನ್ ಜಾಯ್ನರನ್ನು ಮುಟ್ಟಬಾರದು, ರಕಾರಕ್ಕೂ ಹಲಂತಕ್ಕೂ ನಡುವಿನ ಜಾಯ್ನರನ್ನೂ ಮುಟ್ಟಬಾರದು. ಪದದ ಕೊನೆಯಲ್ಲಿ, ಮುಂದೆ ಖಾಲಿ ಜಾಗ ಇರುವಲ್ಲಿ, ಕೆಲವು ಕೀಲಿಮಣೆಗಳು ತಾವಾಗಿಯೇ ಸೇರಿಸುವ ನಾನ್ ಜಾಯ್ನರ್ ಮಾತ್ರ ನಿಜಕ್ಕೂ ಹೆಚ್ಚುವರಿ; ಅದರಿಂದಾಗಿ ಒಂದೇ ರೀತಿ ಕಾಣುವ ಎರಡು ‘ಸೇವಾಲಾಲ್’ಗಳು ಹುಡುಕಾಟದಲ್ಲಿ ಬೇರೆ ಬೇರೆಯಾಗಿ ನಿಲ್ಲುವುದರಿಂದ ಅದನ್ನು ತೆಗೆಯುವುದೇ ಒಳ್ಳೆಯದು. ಹೋಲಿಕೆಗೆ ಬೇಕಾದರೆ ಎರಡೂ ಚಿಹ್ನೆಗಳನ್ನು ಬಿಟ್ಟ ಒಂದು ಪ್ರತಿಯನ್ನು ಬದಿಯಲ್ಲಿಟ್ಟುಕೊಳ್ಳಬಹುದು, ದಾಖಲೆಯ ಮೂಲ ಬರಹ ಹಾಗೆಯೇ ಇರಬೇಕು. ಕಡತವನ್ನು ಕೈಯಿಂದ ತಿದ್ದುವವರ ಕಣ್ಣಿಗೆ ಬೀಳಲೆಂದು ಎಕ್ಸ್‌ಎಂಎಲ್‌ನಲ್ಲಿ ನಾನ್ ಜಾಯ್ನರನ್ನು &#8204; ಎಂದು ಸಂಖ್ಯಾರೂಪದಲ್ಲೇ ಬರೆದಿಡುವುದೂ ಒಂದು ಒಳ್ಳೆಯ ರೂಢಿ.

ಶುದ್ಧಿ ತಂತ್ರಾಂಶವನ್ನು ಬಳಕೆಗೆ ಬಿಡುವ ಮುನ್ನ ಅದರ ಮೂಲಕ ಗೋರ್‌ಬೋಲಿ, ಸೇವಾಲಾಲ್‌ರ, ರ‍್ಯಾಲಿ ಎಂಬ ಮೂರು ಪದಗಳನ್ನು ಹಾಯಿಸಿ ನೋಡಿದರೆ ಸಾಕು. ಸ್ವರಚಿಹ್ನೆಗಳನ್ನು ಒಡೆಯದೆ ಇಡಿಯಾಗಿ ಬರೆದಾಗ ಅವುಗಳಲ್ಲಿರುವ ಸಂಕೇತಗಳು ಕ್ರಮವಾಗಿ 9, 10 ಮತ್ತು 7. ಆ ಕಡೆಯಿಂದ 8, 9 ಮತ್ತು 6 ಹೊರಬಂದರೆ ತಂತ್ರಾಂಶವನ್ನು ಬರೆದವರ ಬಳಿಗೇ ಹಿಂದಿರುಗಿಸಬೇಕು.